ಎಚ್‌ಪಿಎಲ್‌ಸಿಯಲ್ಲಿ ಕೊಬ್ಬಿನ ಅಳತೆ ತಪ್ಪುತ್ತಿದೆಯೇ? ಮೊದಲು ಬಾಟಲಿ ನೋಡಿ, ಆಮೇಲೆ ಪಂಪ್ ಬಿಚ್ಚಿ

ಏಪ್ರಿಲ್‌ನ ಒಂದು ಮಧ್ಯಾಹ್ನ. ರಾಯಚೂರಿನಲ್ಲಿ ಹೊರಗೆ 42 ಡಿಗ್ರಿ ಬಿಸಿಲು. ಕರೆಂಟು ಹೋಗಿ ಲ್ಯಾಬಿನ ಎಸಿ ನಿಂತಿತ್ತು. ಯುಪಿಎಸ್ ಮೇಲೆ ಎಚ್‌ಪಿಎಲ್‌ಸಿ (ದ್ರಾವಕವನ್ನು ಪಂಪಿನಿಂದ ಕಾಲಂ ಎಂಬ ಕೊಳವೆಗೆ ತಳ್ಳಿ, ಸ್ಯಾಂಪಲ್ಲಿನ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಒಂದೇ ಓಡುತ್ತಿತ್ತು. ತೌಡಿನ ಎಣ್ಣೆ ಅಳೆಯುತ್ತಿದ್ದ ಎಂ.ಎಸ್‌ಸಿ. ವಿದ್ಯಾರ್ಥಿನಿ ಬಂದು, "ಸರ್, ಪ್ರೆಶರ್ ನಿಲ್ಲವಲ್ದು ರೀ. ಒಮ್ಮೆ ಏರ್ತೈತಿ, ಒಮ್ಮೆ ಇಳೀತೈತಿ" ಅಂದಳು.

ನಾವು ಪಂಪ್ ಬಿಚ್ಚಿದೆವು. ಸೀಲ್ ಬದಲಿಸಿದೆವು. ಚೆಕ್ ವಾಲ್ವ್ (ದ್ರಾವಕ ಹಿಂದಕ್ಕೆ ಬರದಂತೆ ತಡೆಯುವ ಭಾಗ) ತೊಳೆದೆವು. ಎರಡು ದಿನ ಹೋಯಿತು. ಬೆಳಗ್ಗೆ ಎಲ್ಲ ಸರಿ ಇರುತ್ತಿತ್ತು, ಮಧ್ಯಾಹ್ನ ಎರಡಕ್ಕೆ ಮತ್ತೆ ಅದೇ ಕುಣಿತ. ಮೂರನೇ ದಿನ ಹೊಳೆಯಿತು. ಬಿ ಬಾಟಲಿಯಲ್ಲಿ, ಅಂದರೆ ಪಂಪಿಗೆ ಹೋಗುವ ಎರಡನೇ ದ್ರಾವಕದ ಬಾಟಲಿಯಲ್ಲಿ, ಇದ್ದದ್ದು ಡೈಕ್ಲೋರೋಮೀಥೇನ್. ಅದು ಕುದಿಯುವುದೇ ಸುಮಾರು 40 ಡಿಗ್ರಿಗೆ. ಕೋಣೆ ಆಗಲೇ 36 ದಾಟಿತ್ತು. ಪಂಪ್ ಹೀರುವಾಗ ಕೊಳವೆಯೊಳಗೆ ಒತ್ತಡ ಸ್ವಲ್ಪ ಇಳಿಯುತ್ತದೆ. ಅಷ್ಟೇ ಸಾಕು, ದ್ರಾವಕ ಅಲ್ಲೇ ಗುಳ್ಳೆಯಾಗುತ್ತದೆ. ಪಂಪಿನಲ್ಲಿ ಏನೂ ದೋಷ ಇರಲಿಲ್ಲ.

ಅವತ್ತಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಬಾಟಲಿ, ಆಮೇಲೆ ಕೋಣೆಯ ಬಿಸಿ, ಆಮೇಲೆ ಸ್ಯಾಂಪಲ್, ಕೊನೆಗೆ ಯಂತ್ರ. ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಕೆಲಸ ಮಾಡುವವರಿಗೆ ಈ ಕ್ರಮ ತುಂಬಾ ದಿನ ಉಳಿಸುತ್ತದೆ. ಯಂತ್ರದ ಜೊತೆ ಬರುವ ಕೈಪಿಡಿಗಳು 25 ಡಿಗ್ರಿಯ ತಣ್ಣನೆಯ ಕೋಣೆಯನ್ನು ಮನಸ್ಸಿನಲ್ಲಿಟ್ಟು ಬರೆದವು. ನಮ್ಮ ಬೇಸಿಗೆ ಅದಲ್ಲ.

ಇಲ್ಲಿ ಹೇಳುವುದೆಲ್ಲ ಸಾಮಾನ್ಯ ಸಿ18 (18 ಕಾರ್ಬನ್ ಸರಪಳಿ ಅಂಟಿಸಿದ ಸಿಲಿಕಾ ಕಣ ತುಂಬಿದ) ಕಾಲಂಗೆ ಹೊಂದುತ್ತದೆ: 250 ಮಿ.ಮೀ. ಉದ್ದ, 4.6 ಮಿ.ಮೀ. ಒಳವ್ಯಾಸ, 5 ಮೈಕ್ರಾನ್ ಕಣ. ಮೊಬೈಲ್ ಫೇಸ್, ಅಂದರೆ ಕಾಲಂನಲ್ಲಿ ಹರಿಯುವ ದ್ರಾವಕ, ಅಸಿಟೋನೈಟ್ರೈಲ್ ಮತ್ತು ಐಸೋಪ್ರೊಪನಾಲ್. ಡಿಟೆಕ್ಟರ್ ಯುವಿ (ಅತಿನೇರಳೆ ಬೆಳಕು ಎಷ್ಟು ನುಂಗಿತು ಎಂದು ಅಳೆಯುವುದು) ಅಥವಾ ಇಎಲ್‌ಎಸ್‌ಡಿ (ದ್ರಾವಕ ಹಾರಿಸಿ, ಉಳಿದ ಕಣಗಳು ಚದುರಿಸುವ ಬೆಳಕನ್ನು ಅಳೆಯುವುದು). ಸ್ಯಾಂಪಲ್‌ಗಳು ನಮ್ಮ ಕಡೆಯವೇ: ಗಂಗಾವತಿ, ಸಿಂಧನೂರು ರೈಸ್ ಮಿಲ್‌ಗಳ ತೌಡು, ಹತ್ತಿ ಬೀಜ, ಶೇಂಗಾ, ಸೂರ್ಯಕಾಂತಿ, ಕುರಿಯ ಲಿವರ್. ಇವುಗಳಲ್ಲಿ ಕೊಬ್ಬು ಒಂದೇ ಜಾತಿಯದಲ್ಲ. ಟ್ರೈಗ್ಲಿಸರೈಡ್ (ಮೂರು ಕೊಬ್ಬಿನಾಮ್ಲ ಸೇರಿದ ಕೊಬ್ಬು), ಫಾಸ್ಫೋಲಿಪಿಡ್, ಬಿಡಿ ಕೊಬ್ಬಿನಾಮ್ಲ, ಮೇಣ, ಸ್ಟೆರಾಲ್ ಎಲ್ಲ ಕಲಸಿಕೊಂಡಿರುತ್ತವೆ. ತೊಂದರೆಗಳು ಜಾಸ್ತಿ ಇರುವುದೂ ಅದಕ್ಕೇ.

ಕೈ ಹಾಕುವ ಮುನ್ನ

ಕ್ಲೋರೋಫಾರ್ಮ್, ಹೆಕ್ಸೇನ್, ಡೈಕ್ಲೋರೋಮೀಥೇನ್ ಯಾವುದನ್ನೂ ಫ್ಯೂಮ್ ಹುಡ್ ಹೊರಗೆ ಸುರಿಯಬೇಡಿ. ನೀಲಿ ನೈಟ್ರೈಲ್ ಗ್ಲೌಸ್ ಹಾಕಿದ್ದೇವೆ ಎಂಬ ಧೈರ್ಯ ಬೇಡ. ಕ್ಲೋರೋಫಾರ್ಮ್ ಕೆಲವೇ ನಿಮಿಷದಲ್ಲಿ ಅದನ್ನು ದಾಟಿ ಚರ್ಮಕ್ಕೆ ಬರುತ್ತದೆ. ಚೆಲ್ಲಿದರೆ ಗ್ಲೌಸ್ ತಕ್ಷಣ ತೆಗೆಯಿರಿ, ಕೈ ತೊಳೆಯಿರಿ, ಹೊಸದು ಹಾಕಿ.

ತ್ಯಾಜ್ಯದ ಕ್ಯಾನ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕ್ಲೋರೋಫಾರ್ಮ್ ಮತ್ತು ಅಸಿಟೋನ್ ಒಂದೇ ಕ್ಯಾನಿಗೆ ಹಾಕಬಾರದು. ಅದಕ್ಕೆ ಸ್ವಲ್ಪ ಕ್ಷಾರ ಸೇರಿದರೂ ಮಿಶ್ರಣ ತಾನಾಗಿ ಕಾದು ಸಿಡಿಯಬಹುದು. ಎರಡು ಕ್ಯಾನ್ ಇಡಿ, ಮೇಲೆ ದೊಡ್ಡದಾಗಿ ಕನ್ನಡದಲ್ಲೇ ಬರೆಯಿರಿ. ಸಂಜೆ ಲ್ಯಾಬ್ ಗುಡಿಸುವ ಅಕ್ಕನಿಗೂ ಅದು ಓದಲು ಬರಬೇಕು.

ಇಎಲ್‌ಎಸ್‌ಡಿಯ ಹಿಂದಿನ ಪೈಪಿನಿಂದ ದ್ರಾವಕದ ಆವಿ ಮತ್ತು ನೈಟ್ರೋಜನ್ ಹೊರಬರುತ್ತವೆ. ಆ ಪೈಪ್ ಹುಡ್‌ಗೆ ಹೋಗಲೇಬೇಕು. ಎಸಿ ತಂಪು ಹೋಗುತ್ತದೆ ಎಂದು ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಪೈಪ್ ಕೋಣೆಯಲ್ಲೇ ಬಿಟ್ಟಿರುವುದನ್ನು ನಾನು ನೋಡಿದ್ದೇನೆ. ತಲೆನೋವು ಬಂದರೆ ಬಿಸಿಲಿಗೆ ಅಂದುಕೊಳ್ಳುತ್ತೇವೆ. ಅದು ಆವಿ ಇರಬಹುದು.

ಪಂಪ್ ಓಡುತ್ತಿರುವಾಗ ಯಾವ ಫಿಟ್ಟಿಂಗನ್ನೂ ಸಡಿಲಿಸಬೇಡಿ. ನಿಲ್ಲಿಸಿ, ಪ್ರೆಶರ್ ಸೊನ್ನೆಗೆ ಇಳಿಯಲು ಬಿಡಿ, ಕನ್ನಡಕ ಹಾಕಿಕೊಳ್ಳಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಹತ್ತು ರೂಪಾಯಿಯ ಪರೀಕ್ಷೆ

ಏನೇ ತೊಂದರೆ ಬರಲಿ, ಮೊದಲು ಮೂರು ಇಂಜೆಕ್ಷನ್ ಹಾಕಿ. ಒಂದು ಬ್ಲಾಂಕ್, ಅಂದರೆ ಬರೀ ದ್ರಾವಕ. ಒಂದು ಸ್ಟ್ಯಾಂಡರ್ಡ್. ಒಂದು ಸ್ಯಾಂಪಲ್.

ದುಬಾರಿ ಸ್ಟ್ಯಾಂಡರ್ಡ್ ಇದಕ್ಕೆ ಬೇಕಿಲ್ಲ. ನಾವು ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತಂದು ಸಣ್ಣ ಗಾಜಿನ ವಯಲ್‌ಗಳಲ್ಲಿ ಹಂಚಿ, ಮೇಲೆ ನೈಟ್ರೋಜನ್ ಊದಿ, ಡೀಪ್ ಫ್ರೀಜರ್‌ನಲ್ಲಿ ಇಟ್ಟಿದ್ದೇವೆ. ಪ್ರತಿದಿನ ಬೆಳಗ್ಗೆ ಒಂದು ವಯಲ್ ತೆಗೆದು, ಐಸೋಪ್ರೊಪನಾಲ್‌ನಲ್ಲಿ ಕರಗಿಸಿ ಹಾಕುತ್ತೇವೆ. ಸೂರ್ಯಕಾಂತಿಯ ಟ್ರೈಗ್ಲಿಸರೈಡ್‌ಗಳು ಸಿ18ರಲ್ಲಿ ಸಾಲಾಗಿ, ಒಂದೇ ಕ್ರಮದಲ್ಲಿ ಬರುತ್ತವೆ. ಆ ಕ್ರಮಕ್ಕೆ ಒಂದು ಸರಳ ಲೆಕ್ಕ ಇದೆ. ಕೊಬ್ಬಿನಾಮ್ಲಗಳ ಒಟ್ಟು ಕಾರ್ಬನ್ ಸಂಖ್ಯೆಯಿಂದ ಜೋಡಿಬಂಧಗಳ ಎರಡರಷ್ಟನ್ನು ಕಳೆಯಿರಿ. ಮೂರೂ ಲಿನೋಲಿಕ್ ಇದ್ದರೆ 54ರಲ್ಲಿ 12 ಕಳೆದು 42. ಒಂದು ಓಲಿಕ್, ಎರಡು ಲಿನೋಲಿಕ್ ಇದ್ದರೆ 44. ಎರಡು ಓಲಿಕ್ ಇದ್ದರೆ 46. ಮೂರೂ ಓಲಿಕ್ ಇದ್ದರೆ 48. ಸಂಖ್ಯೆ ಚಿಕ್ಕದಿದ್ದರೆ ಬೇಗ ಬರುತ್ತದೆ, ದೊಡ್ಡದಿದ್ದರೆ ತಡ.

ಈ ಚಿತ್ರ (ಡಿಟೆಕ್ಟರ್ ಬರೆಯುವ ಗೆರೆ, ಅಂದರೆ ಕ್ರೊಮ್ಯಾಟೋಗ್ರಾಮ್; ಅದರಲ್ಲಿ ಏಳುವ ಒಂದೊಂದು ಗುಡ್ಡ ಒಂದು ಪೀಕ್) ನಿಮ್ಮ ಕಣ್ಣಿಗೆ ರೂಢಿಯಾದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಎಣ್ಣೆ ಸರಿ ಬಂದು ಸ್ಯಾಂಪಲ್ ಕೆಟ್ಟರೆ, ತಪ್ಪು ಕೊಬ್ಬು ತೆಗೆಯುವ ಹಂತದಲ್ಲಿದೆ. ಎರಡೂ ಕೆಟ್ಟರೆ ಯಂತ್ರ ಅಥವಾ ದ್ರಾವಕ. ಬ್ಲಾಂಕ್‌ನಲ್ಲೇ ಪೀಕ್ ಬಂದರೆ ಎಲ್ಲೋ ಕೊಳೆ ಇದೆ. ಇದನ್ನು ಮಾಡದೆ ಸ್ಪ್ಯಾನರ್ ಹಿಡಿಯುವುದು ಬೇಡ.

ಪ್ರೆಶರ್ ಏರಿಳಿಯುತ್ತಿದೆ

ಮೊದಲು ಥರ್ಮಾಮೀಟರ್ ನೋಡಿ. ಕೋಣೆ 32 ದಾಟಿದ್ದು, ಬಾಟಲಿಯಲ್ಲಿ ಡೈಕ್ಲೋರೋಮೀಥೇನ್ ಇದ್ದರೆ ಉತ್ತರ ಸಿಕ್ಕಿತು. ಅಸಿಟೋನ್ 56, ಕ್ಲೋರೋಫಾರ್ಮ್ 61, ಮೆಥನಾಲ್ 65, ಹೆಕ್ಸೇನ್ 69 ಡಿಗ್ರಿಗೆ ಕುದಿಯುತ್ತವೆ. ಅಸಿಟೋನೈಟ್ರೈಲ್ ಮತ್ತು ಐಸೋಪ್ರೊಪನಾಲ್ ಎರಡೂ 82ರ ಹತ್ತಿರ. ಬೇಸಿಗೆಯಲ್ಲಿ ಈ ಕೊನೆಯ ಎರಡೇ ನಮ್ಮವು. ಮಾರ್ಚ್‌ನಿಂದ ಜೂನ್‌ವರೆಗೆ ನಮ್ಮ ಪಂಪಿಗೆ ಡೈಕ್ಲೋರೋಮೀಥೇನ್ ಹಾಕುವುದನ್ನೇ ಬಿಟ್ಟಿದ್ದೇವೆ.

ಅದಲ್ಲದಿದ್ದರೆ ಬಾಟಲಿಯಲ್ಲಿ ದ್ರಾವಕ ಎಷ್ಟಿದೆ, ಫಿಲ್ಟರ್ ಪೂರ್ತಿ ಮುಳುಗಿದೆಯೇ ನೋಡಿ. ಆಮೇಲೆ ಪರ್ಜ್ ವಾಲ್ವ್ (ದ್ರಾವಕವನ್ನು ಕಾಲಂಗೆ ಕಳಿಸದೆ ಹೊರಗೆ ಬಿಡುವ ವಾಲ್ವ್) ತೆರೆದು ಐದು ನಿಮಿಷ ಜಾಸ್ತಿ ಫ್ಲೋನಲ್ಲಿ ಓಡಿಸಿ. ಪಾರದರ್ಶಕ ಕೊಳವೆಯಲ್ಲಿ ಗುಳ್ಳೆ ಹೋಗುವುದು ಕಾಣುತ್ತದೆ. ಮತ್ತೆ ಮತ್ತೆ ಗುಳ್ಳೆ ಬರುತ್ತಿದ್ದರೆ ಬಾಟಲಿಯೊಳಗಿನ ಫಿಲ್ಟರ್ ಕಟ್ಟಿಕೊಂಡಿದೆ. ಅದನ್ನು ಕಳಚಿ ಬರೀ ಕೊಳವೆಯಿಂದ ಒಂದೆರಡು ನಿಮಿಷ ಹೀರಿಸಿ ನೋಡಿ. ಗುಳ್ಳೆ ನಿಂತರೆ ಫಿಲ್ಟರ್ ಬದಲಿಸಿ. ಹಾಗೇ ಬಿಟ್ಟು ಓಡಿಸಬೇಡಿ.

ಇಷ್ಟೆಲ್ಲ ಆದ ಮೇಲೂ ಪಂಪಿನ ಪ್ರತಿ ಹೊಡೆತಕ್ಕೂ ಪ್ರೆಶರ್ ಒಂದೇ ಲಯದಲ್ಲಿ ಏರಿಳಿದರೆ ಮಾತ್ರ ಚೆಕ್ ವಾಲ್ವ್ ಅನ್ನು ಅನುಮಾನಿಸಿ. ಬರೀ ಅಸಿಟೋನೈಟ್ರೈಲ್ ಓಡಿಸುವವರಿಗೆ ಇದು ಜಾಸ್ತಿ. ಆ ದ್ರಾವಕದಿಂದ ಹುಟ್ಟುವ ತೆಳು ಅಂಟು ವಾಲ್ವಿನೊಳಗಿನ ಚಿಕ್ಕ ಮಾಣಿಕ್ಯದ ಗುಂಡನ್ನು ಹಿಡಿದುಬಿಡುತ್ತದೆ. ವಾಲ್ವ್ ತೆಗೆದು, ಗಾಜಿನ ಬೀಕರ್‌ನಲ್ಲಿ ಐಸೋಪ್ರೊಪನಾಲ್ ಹಾಕಿ, ಸೋನಿಕೇಟರ್‌ನಲ್ಲಿ ಹದಿನೈದು ನಿಮಿಷ ಇಡಿ. ಯಾವ ಬದಿ ಮೇಲೆ ಇತ್ತು ಎಂದು ತೆಗೆಯುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ತಲೆಕೆಳಗಾಗಿ ಹಾಕಿದರೆ ದ್ರಾವಕ ಮುಂದಕ್ಕೆ ಹೋಗುವುದಿಲ್ಲ.

ಪ್ರೆಶರ್ ಏರುತ್ತಲೇ ಇದೆ

ಇಲ್ಲಿ ಹೊಸಬರು ಒಂದು ವಿಷಯಕ್ಕೆ ಸುಮ್ನೆ ಗಾಬರಿಯಾಗುತ್ತಾರೆ. ಗ್ರೇಡಿಯೆಂಟ್‌ನಲ್ಲಿ, ಅಂದರೆ ರನ್ ನಡೆಯುವಾಗಲೇ ದ್ರಾವಕದ ಮಿಶ್ರಣ ಬದಲಿಸುತ್ತಾ ಹೋಗುವಾಗ, ಐಸೋಪ್ರೊಪನಾಲ್ ಜಾಸ್ತಿಯಾದಂತೆ ಪ್ರೆಶರ್ ಏರುವುದು ಸಹಜ. ಐಸೋಪ್ರೊಪನಾಲ್ ಅಸಿಟೋನೈಟ್ರೈಲ್‌ಗಿಂತ ಐದು ಪಟ್ಟಿಗೂ ಜಾಸ್ತಿ ಮಂದ. ಮಂದ ದ್ರಾವಕ ಅದೇ ವೇಗದಲ್ಲಿ ಹೋಗಬೇಕಾದರೆ ಒತ್ತಡ ಬೇಕು. ಪ್ರತಿ ರನ್‌ನಲ್ಲೂ ಒಂದೇ ರೀತಿ ಏರಿ ಒಂದೇ ರೀತಿ ಇಳಿದರೆ ಅದು ದೋಷವಲ್ಲ. ಕಾಲಂ ತೊಳೆಯಲು ಪೂರ್ತಿ ಐಸೋಪ್ರೊಪನಾಲ್‌ಗೆ ಹೋಗುವಾಗ ಫ್ಲೋವನ್ನು 0.5 ಮಿ.ಲೀ.ಗೆ ಇಳಿಸಿ, ಸಾಕು.

ದೋಷ ಅಂದರೆ ಅದೇ ಮಿಶ್ರಣ, ಅದೇ ಫ್ಲೋ, ಅದೇ ಉಷ್ಣತೆಯಲ್ಲಿ ದಿನದಿಂದ ದಿನಕ್ಕೆ ಏರುವುದು. ಪ್ರತಿ ಬೆಳಗ್ಗೆ ಆರಂಭದ ಪ್ರೆಶರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಇದು ಗೊತ್ತಾಗುತ್ತದೆ. ಇಲ್ಲದಿದ್ದರೆ ಕಾಲಂ ಸತ್ತ ದಿನವೇ ಗೊತ್ತಾಗುವುದು.

ಎಲ್ಲಿ ಕಟ್ಟಿಕೊಂಡಿದೆ ಎಂದು ಹುಡುಕಲು ಡಿಟೆಕ್ಟರ್ ಕಡೆಯಿಂದ ಪಂಪ್ ಕಡೆಗೆ ಬನ್ನಿ. ಪಂಪ್ ನಿಲ್ಲಿಸಿ, ಒಂದು ಜೋಡಣೆ ಬಿಡಿಸಿ, ಮತ್ತೆ ಓಡಿಸಿ ನೋಡಿ. ಕಾಲಂ ನಂತರದ ಕೊಳವೆ ತೆಗೆದಾಗ ಇಳಿದರೆ ಅದೇ ಕೊಳವೆ. ಕಾಲಂ ತೆಗೆದಾಗ ಇಳಿದರೆ ಕಾಲಂ ಅಥವಾ ಅದಕ್ಕೂ ಮೊದಲು ಕೂರುವ ಗಾರ್ಡ್, ಅಂದರೆ ಕೊಳೆ ತಡೆಯುವ ಪುಟ್ಟ ಕಾಲಂ. ನೂರಕ್ಕೆ ಎಂಬತ್ತು ಸಲ ಗಾರ್ಡ್ ಎಂದೇ ನನ್ನ ಅನುಭವ. ಗಾರ್ಡ್ ಇಲ್ಲದೆ ತೌಡಿನ ಎಣ್ಣೆ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತೌಡಿನಲ್ಲಿ ಮೇಣ ಇದೆ. ಬಿಸಿಯಲ್ಲಿ ಕರಗಿರುತ್ತದೆ, ಎಸಿ ಕೋಣೆಗೆ ಬಂದೊಡನೆ ಸಣ್ಣ ಕಣಗಳಾಗಿ ಬೀಳುತ್ತದೆ. ಫಿಲ್ಟರ್ ಮಾಡುವಾಗ ಸ್ಯಾಂಪಲ್ ಬಿಸಿ ಇದ್ದರೆ ಮೇಣ ಫಿಲ್ಟರ್ ದಾಟಿ ಹೋಗಿ ಕಾಲಂನಲ್ಲಿ ಕೂರುತ್ತದೆ. ಆದ್ದರಿಂದ ಸ್ಯಾಂಪಲ್ ಕೋಣೆಯ ಉಷ್ಣತೆಗೆ ಬಂದು, ಒಂದು ಗಂಟೆ ನಿಂತ ಮೇಲೆ 0.45 ಅಥವಾ 0.22 ಮೈಕ್ರಾನ್ ಪಿಟಿಎಫ್‌ಇ (ಟೆಫ್ಲಾನ್) ಫಿಲ್ಟರ್‌ನಲ್ಲಿ ಸೋಸಿ. ಮೇಣವನ್ನೇ ಅಳೆಯಬೇಕಿದ್ದರೆ ಈ ದಾರಿ ಬೇಡ. ಆಗ ಕಾಲಂ, ಸ್ಯಾಂಪಲ್ ಎರಡನ್ನೂ ಬೆಚ್ಚಗೆ ಇಡಬೇಕು.

ಇನ್ನೊಂದು ಕಾರಣ ಉಪ್ಪು. ಅಮೋನಿಯಂ ಅಸಿಟೇಟ್ ನೀರಿನಲ್ಲಿ ಕರಗುತ್ತದೆ, ಜಾಸ್ತಿ ಅಸಿಟೋನೈಟ್ರೈಲ್ ಇರುವ ಮಿಶ್ರಣದಲ್ಲಿ ಕೆಳಗೆ ಬೀಳುತ್ತದೆ. ಇಂಥ ಉಪ್ಪಿನ ದ್ರಾವಣ (ಬಫರ್) ಬಳಸಿದ ದಿನ ಮೊದಲು ಉಪ್ಪಿಲ್ಲದ ಅದೇ ಮಿಶ್ರಣದಿಂದ ತೊಳೆದು, ಆಮೇಲೆ ಶುದ್ಧ ದ್ರಾವಕಕ್ಕೆ ಹೋಗಿ. ಹೆಕ್ಸೇನ್ ಬಳಸುವವರೂ ಹುಷಾರು. ಹೆಕ್ಸೇನ್ ಅಸಿಟೋನೈಟ್ರೈಲ್ ಜೊತೆ ಬೆರೆಯುವುದಿಲ್ಲ, ನೀರಿನ ಜೊತೆಯಂತೂ ಇಲ್ಲವೇ ಇಲ್ಲ. ನಡುವೆ ಐಸೋಪ್ರೊಪನಾಲ್‌ನಿಂದ ತೊಳೆಯದೆ ಒಂದರಿಂದ ಇನ್ನೊಂದಕ್ಕೆ ಹಾರಬೇಡಿ.

ಸಾಮಾನ್ಯ ಎಚ್‌ಪಿಎಲ್‌ಸಿಗೆ 400 ಬಾರ್ ಮಿತಿ. ನಿಮ್ಮ ಕಾಲಂ ಮೇಲೆ ಬರೆದಿರುವ ಮಿತಿ ಅದಕ್ಕಿಂತ ಕಡಿಮೆ ಇರಬಹುದು. ಯಂತ್ರದ ಮೇಲ್ಮಿತಿಯನ್ನು ಕಾಲಂಗೆ ತಕ್ಕಂತೆ ಸೆಟ್ ಮಾಡಿ. ಅದು ತಾನಾಗಿ ನಿಂತರೆ ಮಿತಿ ಏರಿಸಿ ಮತ್ತೆ ಓಡಿಸುವ ಕೆಲಸ ಮಾಡಬೇಡಿ.

ಪೀಕ್ ಜಾಗ ಬದಲಿಸುತ್ತಿದೆ

ನಮ್ಮ ಕಡೆಯ ದೊಡ್ಡ ತಲೆನೋವು ಇದು. ಬೆಳಗ್ಗೆ 18 ನಿಮಿಷಕ್ಕೆ ಬಂದ ಪೀಕ್ ಮಧ್ಯಾಹ್ನ 16ಕ್ಕೆ ಬರುತ್ತದೆ. ಸಾಫ್ಟ್‌ವೇರ್ ಅದನ್ನು ಬೇರೆ ಹೆಸರಿನಲ್ಲಿ ಗುರುತಿಸುತ್ತದೆ. ಫಲಿತಾಂಶ ತಪ್ಪಾಗುತ್ತದೆ, ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ಮೊದಲು ಎಲ್ಲಕ್ಕಿಂತ ಮುಂಚೆ ಬರುವ ದ್ರಾವಕದ ಗುರುತು ನೋಡಿ. ನಾನು ಹೇಳಿದ ಅಳತೆಯ ಕಾಲಂನಲ್ಲಿ, ನಿಮಿಷಕ್ಕೆ 1 ಮಿ.ಲೀ. ಫ್ಲೋನಲ್ಲಿ, ಅದು ಸುಮಾರು ಎರಡೂವರೆ ನಿಮಿಷಕ್ಕೆ ಬರುತ್ತದೆ. ಅದೂ ಸರಿದಿದ್ದರೆ ಫ್ಲೋ ಬದಲಾಗಿದೆ. ಅದು ಅಲ್ಲೇ ಇದ್ದು ಅದರ ನಂತರದ ಪೀಕ್‌ಗಳು ಮಾತ್ರ ಸರಿದಿದ್ದರೆ ಉಷ್ಣತೆ ಅಥವಾ ಮಿಶ್ರಣ ಬದಲಾಗಿದೆ. ಈ ಒಂದು ನೋಟ ಅರ್ಧ ದಿನ ಉಳಿಸುತ್ತದೆ.

ಫ್ಲೋ ಪರೀಕ್ಷಿಸಲು ಡಿಟೆಕ್ಟರ್‌ಗೆ ಹೋಗುವ ಮುಂಚಿನ ಕೊಳವೆಯನ್ನು 10 ಮಿ.ಲೀ. ವಾಲ್ಯುಮೆಟ್ರಿಕ್ ಫ್ಲಾಸ್ಕ್‌ಗೆ ಬಿಡಿ. ಮೊಬೈಲ್ ಫೋನಿನ ಸ್ಟಾಪ್‌ವಾಚ್ ಇಡಿ. ಗೆರೆ ಮುಟ್ಟಲು ಹತ್ತು ನಿಮಿಷ ಹಿಡಿಯಬೇಕು. ಹತ್ತೂವರೆ ಹಿಡಿದರೆ ಎಲ್ಲೋ ಸೋರಿಕೆ ಇದೆ ಅಥವಾ ಸೀಲ್ ಸವೆದಿದೆ. ಪ್ರತಿ ಜೋಡಣೆಗೂ ಟಿಶ್ಯೂ ಪೇಪರ್ ಒತ್ತಿ ನೋಡಿ, ಒದ್ದೆಯಾದ ಕಡೆ ಸೋರಿಕೆ.

ಈಗ ಉಷ್ಣತೆ. ರಿವರ್ಸ್ ಫೇಸ್‌ನಲ್ಲಿ, ಅಂದರೆ ಸಿ18ನಂಥ ಕಾಲಂನಲ್ಲಿ, ಒಂದು ಡಿಗ್ರಿ ಏರಿದರೆ ಪೀಕ್ ಸುಮಾರು ನೂರಕ್ಕೆ ಒಂದೆರಡು ಭಾಗದಷ್ಟು ಬೇಗ ಬರುತ್ತದೆ. ಬೆಳಗ್ಗೆ 26, ಮಧ್ಯಾಹ್ನ 36 ಇರುವ ಕೋಣೆಯಲ್ಲಿ ಇದು ಎಷ್ಟಾಯಿತು ನೋಡಿ. "ನಮ್ಮಲ್ಲಿ ಕಾಲಂ ಓವನ್ ಇದೆ" ಅಂತೀರಿ ಅಲ್ವಾ? ಆದರೆ ತುಂಬಾ ಓವನ್‌ಗಳಿಗೆ ಬಿಸಿ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ಕೋಣೆಗಿಂತ ಐದಾರು ಡಿಗ್ರಿ ಮೇಲೆ ಇದ್ದರೆ ಮಾತ್ರ ಅವು ಸ್ಥಿರವಾಗಿ ನಿಲ್ಲುತ್ತವೆ. ವಿಧಾನದಲ್ಲಿ 30 ಎಂದು ಬರೆದಿದೆ, ಕೋಣೆ 34 ಇದೆ. ಓವನ್ ಸುಮ್ಮನೆ ಆಫ್ ಆಗಿ ಕೂತಿರುತ್ತದೆ, ಕಾಲಂ ಕೋಣೆಯ ಜೊತೆ ಏರಿಳಿಯುತ್ತದೆ.

ಇದಕ್ಕೆ ದುಡ್ಡಿಲ್ಲದ ಪರಿಹಾರ ಇದೆ. ವಿಧಾನವನ್ನೇ 45 ಡಿಗ್ರಿಗೆ ಬದಲಿಸಿ ಮತ್ತೆ ಸ್ಟ್ಯಾಂಡರ್ಡ್ ಹಾಕಿ ಸಮಯ ಗುರುತಿಸಿಕೊಳ್ಳಿ. ಹೆಚ್ಚಿನ ಸಿ18 ಕಾಲಂಗಳು 60 ಡಿಗ್ರಿವರೆಗೆ ತಡೆಯುತ್ತವೆ, ಕಾಲಂ ಜೊತೆ ಬಂದ ಕಾಗದದಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ. ಐಸೋಪ್ರೊಪನಾಲ್ ತೆಳುವಾಗಿ ಪ್ರೆಶರ್ ಕೂಡ ಇಳಿಯುತ್ತದೆ. ಒಂದು ಬೆಲೆ ತೆರಬೇಕು: ಹತ್ತಿರ ಹತ್ತಿರದ ಟ್ರೈಗ್ಲಿಸರೈಡ್‌ಗಳು ತಣ್ಣನೆಯ ಕಾಲಂನಲ್ಲಿ ಬೇರ್ಪಟ್ಟಷ್ಟು ಚೆನ್ನಾಗಿ ಬಿಸಿಯಲ್ಲಿ ಬೇರ್ಪಡುವುದಿಲ್ಲ. ಮೂರು ಓಲಿಕ್ ಇರುವುದೂ, ಒಂದು ಪಾಮಿಟಿಕ್ ಎರಡು ಓಲಿಕ್ ಇರುವುದೂ ಲೆಕ್ಕದಲ್ಲಿ ಎರಡೂ 48. ಇಂಥ ಜೋಡಿಗಳನ್ನು ಬಿಡಿಸಲೇಬೇಕಿದ್ದರೆ ತಣ್ಣಗೆ ಮಾಡುವ ಓವನ್ ಬೇಕು. ಒಟ್ಟು ಟ್ರೈಗ್ಲಿಸರೈಡ್ ಸಾಕು ಅನ್ನುವವರಿಗೆ 45 ಡಿಗ್ರಿ ತುಂಬಾ ನೆಮ್ಮದಿ.

ಮಿಶ್ರಣದ ಕಥೆಯೂ ಬಿಸಿಲಿನದೇ. ಮೊದಲೇ ಬೆರೆಸಿಟ್ಟ ಅಸಿಟೋನ್-ಅಸಿಟೋನೈಟ್ರೈಲ್ ಬಾಟಲಿಯಿಂದ ಅಸಿಟೋನ್ ಮೊದಲು ಹಾರಿಹೋಗುತ್ತದೆ. ಕೊಬ್ಬನ್ನು ಎಳೆದು ತರುವ ಶಕ್ತಿ ಇರುವುದು ಅದಕ್ಕೇ. ಸಂಜೆ ಹೊತ್ತಿಗೆ ಪೀಕ್‌ಗಳು ತಡವಾಗುತ್ತವೆ. ಸಿಲಿಕಾ ಕಾಲಂ ಮತ್ತು ಹೆಕ್ಸೇನ್-ಐಸೋಪ್ರೊಪನಾಲ್ ಬಳಸುವವರಿಗೆ ಇದು ತಿರುಗುಮುರುಗು. ಹೆಕ್ಸೇನ್ ಮೊದಲು ಹಾರುತ್ತದೆ, ಐಸೋಪ್ರೊಪನಾಲ್ ಪಾಲು ಜಾಸ್ತಿಯಾಗುತ್ತದೆ, ಪೀಕ್ ಬೇಗ ಬರುತ್ತದೆ. ಮಳೆಗಾಲದಲ್ಲಿ ಸಿಲಿಕಾ ಗಾಳಿಯ ತೇವ ಹೀರಿ ಬೇರೆ ರೀತಿ ಆಡುತ್ತದೆ. ಬಾಟಲಿಗೆ ಮುಚ್ಚಳ ಹಾಕಿ, ಕೊಳವೆಗೆ ಬೇಕಾದಷ್ಟೇ ತೂತು ಇರಲಿ. ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೆ ಮುಚ್ಚಿದ ಹಾಗಲ್ಲ.

ಪೀಕೇ ಬರುತ್ತಿಲ್ಲ

ವಯಲ್ ಎತ್ತಿ ಬೆಳಕಿಗೆ ಹಿಡಿಯಿರಿ. ಮಂಜು ಮಂಜಾಗಿದೆಯೇ? ಆಟೋಸ್ಯಾಂಪ್ಲರ್ (ಸ್ಯಾಂಪಲನ್ನು ತಾನಾಗಿ ಹೀರಿ ಹಾಕುವ ಭಾಗ) 4 ಡಿಗ್ರಿಯಲ್ಲಿ ಇದ್ದರೆ ಕೊಬ್ಬು ಹೆಪ್ಪುಗಟ್ಟಿ ತಳಕ್ಕೆ ಕೂತಿರುತ್ತದೆ. ಸೂಜಿ ಮೇಲಿನ ಖಾಲಿ ದ್ರಾವಕ ಹೀರುತ್ತದೆ. ಟ್ರೈಗ್ಲಿಸರೈಡ್ ಬರೀ ಅಸಿಟೋನೈಟ್ರೈಲ್‌ನಲ್ಲಿ ಚೆನ್ನಾಗಿ ಕರಗುವುದಿಲ್ಲ, ಐಸೋಪ್ರೊಪನಾಲ್ ಬೇಕು. ಆಟೋಸ್ಯಾಂಪ್ಲರನ್ನು 20 ಡಿಗ್ರಿಗೆ ಇಡಿ.

ವಯಲ್ ತಿಳಿಯಾಗಿದ್ದರೆ ಡಿಟೆಕ್ಟರ್ ಬಗ್ಗೆ ಯೋಚಿಸಿ. ಕೊಬ್ಬಿಗೆ ಯುವಿಯಲ್ಲಿ ಗಟ್ಟಿಯಾದ ಗುರುತಿಲ್ಲ. 254 ನ್ಯಾನೋಮೀಟರ್‌ಗೆ ಇಟ್ಟು ಕಾಯುತ್ತಾ ಕೂತರೆ ಏನೂ ಬರುವುದಿಲ್ಲ. 205ಕ್ಕೆ ಬರಬೇಕು. ಅಲ್ಲಿಯೂ ಕಾಣುವುದು ಮುಖ್ಯವಾಗಿ ಜೋಡಿಬಂಧಗಳು. ಸೂರ್ಯಕಾಂತಿ ದೊಡ್ಡದಾಗಿ ಕಾಣುತ್ತದೆ, ಜೋಡಿಬಂಧವೇ ಇಲ್ಲದ ಟ್ರೈಸ್ಟಿಯರಿನ್ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅದು ಸ್ಯಾಂಪಲ್‌ನಲ್ಲಿ ಇಲ್ಲ ಅಂತ ಅರ್ಥವಲ್ಲ. ದ್ರಾವಕವೂ ಅಡ್ಡ ಬರುತ್ತದೆ. ಕ್ಲೋರೋಫಾರ್ಮ್ 245ರ ಕೆಳಗೆ, ಅಸಿಟೋನ್ 330ರ ಕೆಳಗೆ ಯುವಿ ಬೆಳಕನ್ನು ತಾವೇ ನುಂಗುತ್ತವೆ. ಅವು ಮೊಬೈಲ್ ಫೇಸ್‌ನಲ್ಲಿದ್ದರೆ ಇಎಲ್‌ಎಸ್‌ಡಿ ಬಳಸಿ.

ತೌಡಿನ ಎಣ್ಣೆ ಅಳೆಯುವವರಿಗೆ ಒಂದು ಉಪಾಯ. ಅದರಲ್ಲಿರುವ ಒರೈಜನಾಲ್ 325 ನ್ಯಾನೋಮೀಟರ್ ಹತ್ತಿರ ಚೆನ್ನಾಗಿ ಕಾಣುತ್ತದೆ. ಅಲ್ಲಿ ಪೀಕ್ ಬಂತು, 205ರಲ್ಲಿ ಬರಲಿಲ್ಲ ಅಂದರೆ ಇಂಜೆಕ್ಷನ್ ಸರಿಯಾಗಿ ಆಗಿದೆ. ತೊಂದರೆ ಕೆಳ ತರಂಗದ್ದು: ದ್ರಾವಕ ಅಥವಾ ಹಳೆಯ ಡ್ಯೂಟೇರಿಯಂ ದೀಪ. ಎರಡರಲ್ಲೂ ಬರಲಿಲ್ಲ ಅಂದರೆ ಇಂಜೆಕ್ಷನ್ನೇ ಆಗಿಲ್ಲ. ದೀಪದ ಗಂಟೆ ಸಾಫ್ಟ್‌ವೇರ್‌ನಲ್ಲಿ ಇರುತ್ತದೆ. ಉರಿಯುತ್ತಿರುವ ದೀಪದ ಮುಚ್ಚಳ ತೆಗೆದು ನೋಡಬೇಡಿ, ಕಣ್ಣಿಗೆ ಪೆಟ್ಟು.

ಪೀಕ್ ಸೀಳಿದೆ, ಬಾಲ ಬಿಟ್ಟಿದೆ

ಮೊದಲು ಬರುವ ಪೀಕ್‌ಗಳು ಸೀಳಿ, ಆಮೇಲೆ ಬರುವವು ಚೆನ್ನಾಗಿದ್ದರೆ ಸ್ಯಾಂಪಲ್ ಕರಗಿಸಿದ ದ್ರಾವಕ ಜೋರಾಗಿದೆ. ಕ್ಲೋರೋಫಾರ್ಮ್‌ನಲ್ಲಿ ತೆಗೆದ ಕೊಬ್ಬನ್ನು ಹಾಗೇ 20 ಮೈಕ್ರೋಲೀಟರ್ ಹಾಕಿದರೆ ಹೀಗಾಗುತ್ತದೆ. ಕ್ಲೋರೋಫಾರ್ಮ್ ಪೂರ್ತಿ ನೈಟ್ರೋಜನ್‌ನಲ್ಲಿ ಹಾರಿಸಿ, ಮೊಬೈಲ್ ಫೇಸ್‌ಗೆ ಹತ್ತಿರದ ಮಿಶ್ರಣದಲ್ಲಿ ಕರಗಿಸಿ, 5 ಮೈಕ್ರೋಲೀಟರ್ ಹಾಕಿ ನೋಡಿ. ಎಲ್ಲ ಪೀಕ್‌ಗಳೂ ಸೀಳಿದರೆ ಕಾಲಂ ತಲೆಯಲ್ಲಿ ಕೊಳೆ ಅಥವಾ ಗುಳಿ, ಇಲ್ಲವೇ ಕೊಳವೆ ಸರಿಯಾಗಿ ಒಳಗೆ ಕೂತಿಲ್ಲ.

ಬಿಡಿ ಕೊಬ್ಬಿನಾಮ್ಲ ಮಾತ್ರ ಬಾಲ ಬಿಟ್ಟರೆ ಮೊಬೈಲ್ ಫೇಸ್‌ಗೆ ನೂರಕ್ಕೆ 0.1 ಭಾಗ ಅಸಿಟಿಕ್ ಅಥವಾ ಫಾರ್ಮಿಕ್ ಆಮ್ಲ ಸೇರಿಸಿ. 205ರಲ್ಲಿ ಆಮ್ಲವೂ ಬೇಸ್‌ಲೈನ್ ಏರಿಸುತ್ತದೆ. ಅದು ನೆನಪಿರಲಿ.

ಬ್ಲಾಂಕ್‌ನಲ್ಲೂ ಪೀಕ್

ಗಟ್ಟಿ ಸ್ಯಾಂಪಲ್ ನಂತರ ಬ್ಲಾಂಕ್ ಹಾಕಿ, ಇನ್ನೊಂದು ಬ್ಲಾಂಕ್ ಹಾಕಿ. ಎರಡನೆಯದು ಚಿಕ್ಕದಾದರೆ ಹಿಂದಿನ ಸ್ಯಾಂಪಲ್ ಅಂಟಿಕೊಂಡಿದೆ. ಸೂಜಿ ತೊಳೆಯುವ ಬಾಟಲಿಯಲ್ಲಿ ನೀರು-ಮೆಥನಾಲ್ ಇರುತ್ತದೆ, ಅದು ಜಿಡ್ಡಿಗೆ ಏನೂ ಮಾಡದು. ಐಸೋಪ್ರೊಪನಾಲ್ ತುಂಬಿ. ಎರಡೂ ಬ್ಲಾಂಕ್ ಒಂದೇ ಎತ್ತರ ಇದ್ದರೆ ಕೊಳೆ ದ್ರಾವಕದಲ್ಲೇ ಅಥವಾ ಪಾತ್ರೆಯಲ್ಲೇ ಇದೆ. ಕ್ಲೋರೋಫಾರ್ಮ್ ಪ್ಲಾಸ್ಟಿಕ್ ಟ್ಯೂಬಿನಿಂದ ಥ್ಯಾಲೇಟ್ (ಪ್ಲಾಸ್ಟಿಕ್ ಮೆದು ಮಾಡಲು ಬೆರೆಸುವ ವಸ್ತು) ಎಳೆದು ತರುತ್ತದೆ. ಗಾಜು ಮತ್ತು ಪಿಟಿಎಫ್‌ಇ ಮುಚ್ಚಳ ಮಾತ್ರ ಬಳಸಿ. ಕೊಬ್ಬು ಕೆಡದಂತೆ ಹಾಕುವ ಬಿಎಚ್‌ಟಿ ಕೂಡ ಯುವಿಯಲ್ಲಿ ಪೀಕ್ ಕೊಡುತ್ತದೆ. ಅದನ್ನು ಹೊಸ ಲಿಪಿಡ್ ಎಂದು ಬರೆದ ವರದಿ ನನ್ನ ಕೈಗೆ ಬಂದಿತ್ತು.

ಬೇಸ್‌ಲೈನ್ ಮುಳ್ಳು ಮುಳ್ಳಾಗಿದೆ

ಇಎಲ್‌ಎಸ್‌ಡಿಯಲ್ಲಿ ಮೊದಲು ನೈಟ್ರೋಜನ್ ಸಿಲಿಂಡರ್ ಗೇಜ್ ನೋಡಿ. ಆಮೇಲೆ ಮೊಬೈಲ್ ಫೇಸ್‌ನಲ್ಲಿ ಹಾರಿಹೋಗದ ಉಪ್ಪು ಇದೆಯೇ ಎಂದು. ಫಾಸ್ಫೇಟ್ ಬಫರ್ ಈ ಡಿಟೆಕ್ಟರ್‌ಗೆ ಯಾವತ್ತೂ ಬೇಡ. ಮುಳ್ಳುಗಳು ಎಸಿ ಅಥವಾ ಫ್ರೀಜರ್ ಆನ್ ಆಗುವ ಹೊತ್ತಿಗೇ ಬಂದರೆ ಅದು ಕರೆಂಟಿನ ತೊಂದರೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, ಅದನ್ನು ನೀವೇ ಮುಟ್ಟಬೇಡಿ.

ಎಲ್ಲ ಸರಿ ಇದೆ, ಆದರೆ ಲೆಕ್ಕ ಕೂಡುತ್ತಿಲ್ಲ

ಸೂರ್ಯಕಾಂತಿ ಎಣ್ಣೆ ದಿನವೂ ಒಂದೇ ರೀತಿ ಬರುತ್ತಿದೆ. ಪ್ರೆಶರ್ ಸರಿ. ಬ್ಲಾಂಕ್ ಶುದ್ಧ. ಆದರೂ ಒಂದೇ ಮಿಲ್ಲಿನ ತೌಡು ಒಂದು ವಾರ ಒಂದು ಲೆಕ್ಕ, ಇನ್ನೊಂದು ವಾರ ಇನ್ನೊಂದು. ಹೀಗಿದ್ದರೆ ಯಂತ್ರ ಬಿಡಿ, ತೌಡಿನ ಚೀಲದ ಹಿಂದೆ ಹೋಗಿ.

ನಮಗೆ ಹೀಗೇ ಆಗಿತ್ತು. ಗಂಗಾವತಿ ಕಡೆಯ ಒಂದು ಮಿಲ್ಲಿನಿಂದ ತೌಡು ಬರುತ್ತಿತ್ತು. ಕೆಲವು ಸಲ ನಮ್ಮ ಹುಡುಗನೇ ಹೋಗಿ ಅದೇ ದಿನ ತರುತ್ತಿದ್ದ. ಕೆಲವು ಸಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕುತ್ತಿದ್ದರು. ನೂರು ಕಿಲೋಮೀಟರಿಗೂ ಮೀರಿದ ದಾರಿ, ಬಸ್ಸಿನ ಡಿಕ್ಕಿಯ ಕಾವು, ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ವಾಸ. ಮರುದಿನ ಬೆಳಗ್ಗೆ ಲ್ಯಾಬಿಗೆ. ಬಸ್ಸಿನಲ್ಲಿ ಬಂದ ತೌಡಿನಲ್ಲಿ ಟ್ರೈಗ್ಲಿಸರೈಡ್ ಕಡಿಮೆ, ಬಿಡಿ ಕೊಬ್ಬಿನಾಮ್ಲ ಮತ್ತು ಡೈಗ್ಲಿಸರೈಡ್ (ಒಂದು ಕೊಬ್ಬಿನಾಮ್ಲ ಕಳಚಿಹೋದ ಟ್ರೈಗ್ಲಿಸರೈಡ್) ಜಾಸ್ತಿ. ನಾವು ಕಾಲಂ ಹಳೆಯದಾಯಿತು ಅಂದುಕೊಂಡಿದ್ದೆವು.

ಕಾರಣ ಅಕ್ಕಿಯಲ್ಲೇ ಇದೆ. ಇಡೀ ಕಾಳಿನಲ್ಲಿ ಎಣ್ಣೆ ಒಂದು ಕಡೆ, ಅದನ್ನು ಒಡೆಯುವ ಲಿಪೇಸ್ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಪಾಲಿಶ್ ಮಾಡುವಾಗ ಎರಡೂ ಕಲಸಿಹೋಗುತ್ತವೆ. ಆ ಗಳಿಗೆಯಿಂದಲೇ ಟ್ರೈಗ್ಲಿಸರೈಡ್ ಒಡೆಯಲು ಶುರು. ನಮ್ಮ ಬಿಸಿಲಿನಲ್ಲಿ ಕೆಲವೇ ಗಂಟೆಯಲ್ಲಿ ಅದು ಕ್ರೊಮ್ಯಾಟೋಗ್ರಾಮ್‌ನಲ್ಲಿ ಕಾಣುತ್ತದೆ. ಮಿಲ್ಲಿನವರು ತೌಡನ್ನು ಬೇಗ ಸಾಲ್ವೆಂಟ್ ಪ್ಲಾಂಟಿಗೆ ಕಳಿಸಲು ಅವಸರ ಮಾಡುವುದೂ ಇದಕ್ಕೇ.

ಈಗ ನಾವು ಐಸ್ ತುಂಬಿದ ಥರ್ಮೋಕೋಲ್ ಡಬ್ಬಿ ಕಳಿಸುತ್ತೇವೆ. ಮಿಲ್ಲಿನಿಂದ ಬೀಳುತ್ತಿದ್ದಂತೆ ನೂರು ಗ್ರಾಂ ತೌಡು ಜಿಪ್ ಚೀಲಕ್ಕೆ, ಅಲ್ಲಿಂದ ಐಸಿಗೆ. ಚೀಲದ ಮೇಲೆ ಗಿರಣಿ ಬಿಟ್ಟ ಸಮಯ ಬರೆದಿರಬೇಕು. ಆ ಸಮಯ ಇಲ್ಲದ ಚೀಲ ಬಂದರೆ ಅಳೆಯುವುದಿಲ್ಲ. ಹಸಿ ಎಲೆ, ಬೀಜಗಳಿಗೆ ಇನ್ನೂ ಗಟ್ಟಿ ದಾರಿ ಬೇಕು. ಕತ್ತರಿಸಿದ ಕೂಡಲೇ 75 ಡಿಗ್ರಿಯ ಐಸೋಪ್ರೊಪನಾಲ್‌ನಲ್ಲಿ ಹದಿನೈದು ನಿಮಿಷ ಇಟ್ಟರೆ ಕಿಣ್ವ ಸಾಯುತ್ತದೆ. ಇದನ್ನು ಹುಡ್ ಒಳಗೆ, ವಾಟರ್ ಬಾತ್ ಮೇಲೆ ಮಾತ್ರ ಮಾಡಿ. ಬೆಂಕಿಯ ಹತ್ತಿರ ಬೇಡವೇ ಬೇಡ.

ಎರಡನೇ ಅನುಮಾನ ಕೊಬ್ಬು ತೆಗೆಯುವ ವಿಧಾನ. 1957ರ ಫೋಲ್ಚ್ ವಿಧಾನದಲ್ಲಿ ಕ್ಲೋರೋಫಾರ್ಮ್ ಎರಡು ಪಾಲು, ಮೆಥನಾಲ್ ಒಂದು ಪಾಲು. 1959ರ ಬ್ಲೈ ಮತ್ತು ಡಯರ್ ವಿಧಾನ ದ್ರಾವಕ ಉಳಿಸುತ್ತದೆ, ಆದ್ದರಿಂದ ಎಲ್ಲರಿಗೂ ಇಷ್ಟ. ಆದರೆ ಅದು ನೂರಕ್ಕೆ 80ರಷ್ಟು ನೀರಿರುವ ಮೀನಿನಂಥ ಅಂಗಾಂಶಕ್ಕೆ ಮಾಡಿದ್ದು. ಅದರ ಅನುಪಾತದಲ್ಲಿ ಸ್ಯಾಂಪಲ್ಲಿನ ನೀರೂ ಲೆಕ್ಕಕ್ಕಿದೆ: ಕ್ಲೋರೋಫಾರ್ಮ್ 1, ಮೆಥನಾಲ್ 2, ನೀರು 0.8. ಒಣ ತೌಡಿಗೆ, ಒಣ ಹತ್ತಿ ಬೀಜಕ್ಕೆ ಆ ನೀರನ್ನು ನಾವೇ ಸೇರಿಸಬೇಕು. ಸೇರಿಸದಿದ್ದರೆ ಪದರಗಳು ಲೆಕ್ಕದಂತೆ ಬೇರೆಯಾಗುವುದಿಲ್ಲ. ಈ ಒಂದು ತಪ್ಪನ್ನು ನಾನು ಎಷ್ಟೋ ಪ್ರಾಜೆಕ್ಟ್ ವರದಿಗಳಲ್ಲಿ ನೋಡಿದ್ದೇನೆ.

ತೆಗೆಯುವಾಗ ಎಷ್ಟು ನಷ್ಟವಾಯಿತು ಎಂದು ತಿಳಿಯಲು ಇಂಟರ್ನಲ್ ಸ್ಟ್ಯಾಂಡರ್ಡ್ ಹಾಕಿ. ಮೂರೂ 17 ಕಾರ್ಬನ್ ಆಮ್ಲ ಇರುವ ಟ್ರೈಹೆಪ್ಟಾಡೆಕನೋಯಿನ್ ಚೆನ್ನಾಗಿ ಹೊಂದುತ್ತದೆ. ಅದರ ಲೆಕ್ಕ 51. ನಮ್ಮ ಎಣ್ಣೆಗಳ ಮುಖ್ಯ ಪೀಕ್‌ಗಳೆಲ್ಲ ಸಮಸಂಖ್ಯೆಯವು, ಹಾಗಾಗಿ ಅದು ಬೇರೆಯಾಗಿ ನಿಲ್ಲುತ್ತದೆ. ಇದಕ್ಕೆ ಜೋಡಿಬಂಧ ಇಲ್ಲ, ಆದ್ದರಿಂದ ಇಎಲ್‌ಎಸ್‌ಡಿಯಲ್ಲೇ ನೋಡಬೇಕು. ಮುಖ್ಯವಾದದ್ದು ಹಾಕುವ ಹೊತ್ತು. ದ್ರಾವಕ ಸುರಿಯುವ ಮೊದಲೇ, ಸ್ಯಾಂಪಲ್ ಮೇಲೆ ಹಾಕಿ. ಕೊನೆಗೆ ವಯಲ್‌ಗೆ ಹಾಕಿದರೆ ನಷ್ಟ ಕಾಣುವುದೇ ಇಲ್ಲ.

ಮೂರನೆಯದು ಇಎಲ್‌ಎಸ್‌ಡಿಯ ಸ್ವಭಾವ. ಇದರಲ್ಲಿ ಎರಡರಷ್ಟು ಕೊಬ್ಬು ಹಾಕಿದರೆ ಎರಡರಷ್ಟು ಪೀಕ್ ಬರುವುದಿಲ್ಲ. ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿಯೇ ಬರುತ್ತದೆ. ನೇರ ಗೆರೆ ಎಳೆದು ಲೆಕ್ಕ ಹಾಕಿದರೆ ಚಿಕ್ಕ ಪೀಕ್‌ಗಳು ಇರುವುದಕ್ಕಿಂತ ಕಡಿಮೆ ತೋರುತ್ತವೆ. ಐದಾರು ಪ್ರಮಾಣದ ಸ್ಟ್ಯಾಂಡರ್ಡ್ ಹಾಕಿ, ತೂಕ ಮತ್ತು ವಿಸ್ತೀರ್ಣ ಎರಡಕ್ಕೂ ಲಾಗ್ ತೆಗೆದು ಗೆರೆ ಎಳೆಯಿರಿ. ಹೊರಗಿನ ಅಂಕಿಗೆ ಗೆರೆ ಉದ್ದ ಮಾಡಬೇಡಿ.

ಎಣ್ಣೆ ಕಮಟಾಗಿದೆಯೇ ಎಂಬ ಅನುಮಾನ ಇದ್ದರೆ 234 ನ್ಯಾನೋಮೀಟರ್ ನೋಡಿ. ಲಿನೋಲಿಕ್ ಆಮ್ಲ ಗಾಳಿಗೆ ಕೆಡಲು ಶುರುವಾದಾಗ ಮೊದಲು ಕಾಣುವುದು ಅಲ್ಲಿಯೇ.

ಎಲ್ಲಿ ನಿಲ್ಲಬೇಕು

ಯಂತ್ರದೊಳಗೆ ಸುಟ್ಟ ವಾಸನೆ, ಪಂಪಿನಿಂದ ಲೋಹ ಉಜ್ಜುವ ಸದ್ದು, ಬೋರ್ಡ್ ಹತ್ತಿರ ದ್ರಾವಕ ಸೋರಿಕೆ, ಸೀಲ್ ಬದಲಿಸಿದ ವಾರದೊಳಗೆ ಮತ್ತೆ ಸೋರಿಕೆ. ಇವು ಬಂದರೆ ಪ್ಲಗ್ ತೆಗೆದು ಕೈ ಹಿಂದಕ್ಕೆ ತೆಗೆಯಿರಿ. ಪಿಸ್ಟನ್ ಗೀರು ಬಿದ್ದಿದ್ದರೆ ಹೊಸ ಸೀಲ್ ಎಷ್ಟು ಹಾಕಿದರೂ ನಿಲ್ಲುವುದಿಲ್ಲ. ಡಿಟೆಕ್ಟರ್‌ನ ಕನ್ನಡಿ, ಲೆನ್ಸ್, ಇಎಲ್‌ಎಸ್‌ಡಿಯ ನೆಬ್ಯುಲೈಸರ್ (ದ್ರಾವಕವನ್ನು ಹನಿಹನಿಯಾಗಿ ಸಿಂಪಡಿಸುವ ಭಾಗ) ಒಳಭಾಗಕ್ಕೆ ಸೂಜಿ ಹಾಕಿ ಕೆರೆಯಬೇಡಿ.

ನಮ್ಮ ಕಡೆಗೆ ಇಂಜಿನಿಯರ್ ಬರುವುದು ಬೆಂಗಳೂರಿನಿಂದ ಅಥವಾ ಹೈದರಾಬಾದಿನಿಂದ. ಒಂದು ಸಲ ಬಂದು ಬೇಕಾದ ಭಾಗ ತಂದಿಲ್ಲ ಎಂದು ವಾಪಸ್ ಹೋದರೆ ಇನ್ನೊಂದು ವಾರ. ಫೋನ್ ಮಾಡುವ ಮೊದಲು ಇವು ಕೈಯಲ್ಲಿರಲಿ: ಯಂತ್ರದ ಸೀರಿಯಲ್ ನಂಬರ್, ಕಾಲಂ ತೆಗೆದು ಬರೀ ಮೆಥನಾಲ್‌ನಲ್ಲಿ 1 ಮಿ.ಲೀ. ಫ್ಲೋಗೆ ಪ್ರೆಶರ್ ಎಷ್ಟು, ಹತ್ತು ಮಿ.ಲೀ. ಫ್ಲಾಸ್ಕ್ ತುಂಬಲು ಹಿಡಿದ ಸಮಯ. ಸೂರ್ಯಕಾಂತಿ ಎಣ್ಣೆಯ ಒಳ್ಳೆಯ ದಿನದ್ದು ಮತ್ತು ಕೆಟ್ಟ ದಿನದ್ದು ಎರಡು ಕ್ರೊಮ್ಯಾಟೋಗ್ರಾಮ್. ಆ ಎರಡೂ ದಿನದ ಕೋಣೆಯ ಉಷ್ಣತೆ. ಇಷ್ಟು ಕಳಿಸಿದರೆ ಎಷ್ಟೋ ಸಲ ಫೋನಿನಲ್ಲೇ ಬಗೆಹರಿಯುತ್ತದೆ.

ಪಂಪ್ ಇನ್ನೂ ಓಡುವಂತಿದ್ದರೆ ಕಾಲಂ ಅನ್ನು ಐಸೋಪ್ರೊಪನಾಲ್‌ನಿಂದ, ಆಮೇಲೆ ಅಸಿಟೋನೈಟ್ರೈಲ್‌ನಿಂದ ತೊಳೆದು, ಎರಡೂ ತುದಿಗೆ ಮುಚ್ಚಳ ಹಾಕಿ ಎತ್ತಿಡಿ. ತೆಗೆದಿಟ್ಟ ಕೊಬ್ಬನ್ನು ಕ್ಲೋರೋಫಾರ್ಮ್-ಮೆಥನಾಲ್‌ನಲ್ಲೇ, ಗಾಜಿನ ವಯಲ್‌ನಲ್ಲಿ, ನೈಟ್ರೋಜನ್ ಊದಿ, ಮೈನಸ್ 20 ಡಿಗ್ರಿಯ ಫ್ರೀಜರ್‌ನಲ್ಲಿ ಇಡಿ. ಆ ಫ್ರೀಜರ್‌ನ ಪ್ಲಗ್ ಇನ್ವರ್ಟರ್ ಲೈನಿಗೆ ಇದೆಯೇ ಎಂದು ಮನೆಗೆ ಹೋಗುವ ಮುನ್ನ ಒಮ್ಮೆ ನೋಡಿ.